ತಿಂಗಳಿಗೊಮ್ಮೆ ಬರುತ್ತಿದ್ದವಳು

ಎಂಬತ್ತರ ದಶಕದ ನಡುವಿನಲ್ಲಿ ನಾನು ಉಗಾರ ಖುರ್ದಕ್ಕೆ ಎರಡನೆಯ ಹೆಂಡತಿಯಾಗಿ ಬಂದೆ. ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಮೊದಲ ಹೆಂಡತಿ ಜ್ವರದಲ್ಲಿ ತೀರಿಕೊಂಡು ವರ್ಷವಾಗಿತ್ತು. ಅವಳ ಆರು ವರ್ಷದ ಮಗಳು ಮನೆಯಲ್ಲಿದ್ದಳು. ತಾಳಿ ಕಟ್ಟಿದ ದಿನವೇ ಅತ್ತೆ, ಸತ್ತವಳ ಹೆಸರಿನ ಪುಟ್ಟ ಬೆಳ್ಳಿ ಮೂರ್ತಿಯೊಂದನ್ನು ನನ್ನ ಕೊರಳಿಗೆ ಹಾಕಿದರು. ಹಾಕದಿದ್ದರೆ ಸವತಿ ಕಾಡುತ್ತಾಳಂತೆ. ಹಾಕಿದರೂ ಕಾಡಿದಳು.

ತಿಂಗಳಿಗೆ ಐದಾರು ದಿನ ನಾನು ನಾನಾಗಿರುತ್ತಿರಲಿಲ್ಲ. ತಲೆ ಸಿಡಿಯುವುದು, ಎದೆ ಬಿಗಿಯುವುದು, ಸುಮ್ಮಸುಮ್ಮನೆ ಅಳು. ರೊಟ್ಟಿ ಸೀದಿತೆಂದು ಹಂಚನ್ನೇ ಅಂಗಳಕ್ಕೆ ಎಸೆದಿದ್ದೆ. ಒಮ್ಮೆ ಗಂಡನ ಮೇಲೆ ಲಟ್ಟಣಿಗೆ ಬೀಸಿದೆ. ಗುರಿ ತಪ್ಪಿತಲ್ಲ ಎಂದು ಆಗ ಬೇಸರವಾಗಿತ್ತು.

"ಆಕಿ ಬಂದಾಳ," ಎಂದು ಅತ್ತೆ ಪಿಸುಗುಟ್ಟಿ ನಿಂಬೆಹಣ್ಣು ನಿವಾಳಿಸುತ್ತಿದ್ದರು.

ನಾನೂ ಒಪ್ಪಿಕೊಂಡೆ. ಸುಳ್ಳೇಕೆ, ಅದರಲ್ಲಿ ಅನುಕೂಲವೂ ಇತ್ತು. ಸತ್ತವಳೇನು ಎದ್ದು ಬಂದು ವಾದ ಮಾಡುತ್ತಾಳೆಯೇ? ಆದರೆ ಹೆದರಿಕೆಯೂ ನಿಜವಾಗಿತ್ತು. ಕನ್ನಡಿಯೊಳಗಿಂದ ಬೇರೆ ಯಾರೋ ನನ್ನನ್ನು ನೋಡುತ್ತಿದ್ದಾರೆ ಅನಿಸಿ ಕುಂಕುಮವನ್ನೂ ಕನ್ನಡಿ ನೋಡದೆ ಹಚ್ಚಿಕೊಳ್ಳುತ್ತಿದ್ದೆ.

ಆ ದಿನಗಳಲ್ಲಿ ಎಲ್ಲರೂ ನನ್ನಿಂದ ಮಾರು ದೂರ. ಹುಡುಗಿ ಮಾತ್ರ, ಬೇರೆ ದಿನ ಕರೆದರೂ ಬಾರದವಳು, ತಾನಾಗಿಯೇ ಬಂದು ಮಗ್ಗುಲಿಗೆ ಕೂತುಕೊಳ್ಳುತ್ತಿದ್ದಳು. ಒಂದು ಸಲ ಸಿಟ್ಟಿನಲ್ಲಿ ಬೆನ್ನಿಗೆ ಗುದ್ದಿದೆ. ಎದ್ದು ಹೋಗಲಿಲ್ಲ. ಹಟಮಾರಿ ಎಂದುಕೊಂಡೆ.

ಮೂರು ವರ್ಷ ಹೀಗೇ ನಡೆಯಿತು. ಕೊನೆಗೆ ತಲೆನೋವು ತಾಳದೆ ಅಥಣಿಯ ಡಾಕ್ಟರಬಾಯಿಯ ಹತ್ತಿರ ಹೋದೆ. ಸವತಿಯ ಕಥೆಯನ್ನೆಲ್ಲ ಅವರು ನಗದೆ ಕೇಳಿದರು. "ಆಕಿ ಬರೂ ದಿನಾ ಕ್ಯಾಲೆಂಡರದಾಗ ಗುರ್ತು ಮಾಡು. ಮುಟ್ಟಾಗೂ ದಿನಾನೂ ಮಾಡು," ಎಂದರು.

ಮೂರು ತಿಂಗಳು ಗುರುತು ಹಾಕಿದೆ. ಮುಟ್ಟಿಗೆ ನಾಲ್ಕೈದು ದಿನ ಮುಂಚೆ ಬರುವಳು, ಮುಟ್ಟಾದ ಮರುದಿನ ಹೋಗುವಳು. ಒಂದು ಸಲವೂ ತಪ್ಪಲಿಲ್ಲ.

"ಇದು ದೆವ್ವ ಅಲ್ಲವ್ವಾ, ನಿನ್ನ ಮೈ," ಎಂದರು ಡಾಕ್ಟರಬಾಯಿ. "ಭಾಳ ಮಂದಿ ಹೆಣ್ಮಕ್ಕಳಿಗೆ ಹಿಂಗ ಆಗತೈತಿ. ಆ ದಿನದಾಗ ಉಪ್ಪು, ಚಾ ಕಡಿಮಿ ಮಾಡು. ಹೊತ್ತಿಗೆ ಸರಿಯಾಗಿ ಉಣ್ಣು, ದಿನಾ ಒಂದಿಷ್ಟು ನಡಿ. ಮನ್ಯಾಗ ಮೊದಲ ಹೇಳಿಡು. ಆದ್ರೂ ತಡಿಯಾಕ ಆಗ್ಲಿಲ್ಲಂದ್ರ ಬಾ, ಗುಳಿಗಿ ಕೊಡ್ತೀನಿ."

ಕಬ್ಬಿನ ಗಾಡಿಗಳ ಪಕ್ಕದಲ್ಲಿ ದಿನವೂ ನಡೆದೆ. ಚಹಾ ಬಿಟ್ಟೆ, ಸವತಿಯನ್ನು ಬಿಡುವುದಕ್ಕಿಂತ ಅದೇ ಕಷ್ಟವಾಯಿತು. ತ್ರಾಸು ಪೂರ್ತಿ ಹೋಗಲಿಲ್ಲ. ಆದರೆ ಬರುವುದು ಮೊದಲೇ ಗೊತ್ತಿದ್ದರೆ ಅರ್ಧ ಹೆದರಿಕೆ ಇಳಿಯುತ್ತದೆ.

ಒಂದು ಸಂಜೆ ಎಲ್ಲರನ್ನೂ ಕೂಡಿಸಿ ಹೇಳಿದೆ. "ಇನ್ನ ಮ್ಯಾಲ ಆಕಿ ಹೆಸರು ತಗೀಬ್ಯಾಡ್ರಿ. ಆಕಿ ಒಮ್ಮೆನೂ ಬಂದಿಲ್ಲ. ಅದೆಲ್ಲಾ ನಾನೇ."

ಗಂಡ ತಲೆಯಾಡಿಸಿದರು. ಅತ್ತೆ ನಂಬಲಿಲ್ಲ. ಹುಡುಗಿ ಎದ್ದು ಬಂದು ನನ್ನ ಸೆರಗು ಹಿಡಿದಳು.

"ಚಿಗವ್ವಾ, ಹಂಗಾರ ನಮ್ಮವ್ವ ಇನ್ನ ಬರೂದಿಲ್ಲೇನ?"

ತಿಂಗಳು ತಿಂಗಳು ಆ ಮಗು ತನ್ನ ತಾಯಿಯ ಮಗ್ಗುಲಿಗೆ ಬಂದು ಕೂತುಕೊಳ್ಳುತ್ತಿತ್ತು. ಸುಳ್ಳು ಹೇಳಬಹುದಿತ್ತು.

"ಇಲ್ಲ ಮಗಳ," ಎಂದೆ.

ಮುಂದಿನ ತಿಂಗಳು ಆ ದಿನಗಳು ಬಂದವು. ಗೋಡೆಗೆ ಒರಗಿ ಹೊತ್ತು ಮುಳುಗುವ ತನಕ ಕೂತಿದ್ದೆ. ನನ್ನ ಹತ್ತಿರ ಯಾರೂ ಬರಲಿಲ್ಲ.