ಅಕ್ಕನಿಗೆ ಒಯ್ದ ಗೇರ್ ಸೈಕಲ್

ನಾರಾಯಣಪೇಟೆಯಿಂದ ಬೆಳಿಗ್ಗೆ ಏಳಕ್ಕೆ ಹೊರಟೆ. ನನ್ನ ಹಳೆಯ ಗೇರ್ ಸೈಕಲ್ ಟ್ರಾಲಿ ಆಟೋದ ಹಿಂದೆ ಈರುಳ್ಳಿ ಚೀಲಗಳ ನಡುವೆ ಮಲಗಿತ್ತು. ಮಕ್ತಲ್‌ವರೆಗೆ ನನಗೂ ಸೈಕಲ್ಲಿಗೂ ಸೇರಿ ಇನ್ನೂರು ರೂಪಾಯಿ. ಚಳಿಗಾಳಿ ಕೊರೆಯುತ್ತಿತ್ತು, ಕಿವಿಗೆ ಟವೆಲ್ ಸುತ್ತಿಕೊಂಡೆ.

ಕಾಲೇಜಿನಲ್ಲಿ ಇಂಟರ್ ಓದುವಾಗ ಅಪ್ಪ ಕೊಡಿಸಿದ್ದು ಅದು. ಗುಡ್ಡ ಹತ್ತಲೆಂದೇ ಮಾಡಿದ್ದಂತೆ: ದಪ್ಪ ಟೈರು, ನೆಟ್ಟಗಿನ ಹ್ಯಾಂಡಲ್, ಹದಿನೆಂಟು ಗೇರು. ನಾನು ಒಂದು ಗುಡ್ಡವನ್ನೂ ಹತ್ತಿಸಲಿಲ್ಲ, ಬಜಾರಿನಲ್ಲಿ ಮೆರೆದದ್ದೇ ಬಂತು. ಅಕ್ಕ ಒಂದು ಸುತ್ತು ಹೊಡೆಯಲು ಕೇಳಿದಾಗಲೆಲ್ಲ "ಗೇರ್ ಕೆಡತಾವ" ಎಂದು ಸಾಗಹಾಕಿದೆ. ಮದುವೆಯಾಗಿ ಗದ್ವಾಲಿಗೆ ಹೋಗುವವರೆಗೂ ಅವಳು ಕೇಳುತ್ತಲೇ ಇದ್ದಳು. ಈಗ ಅಲ್ಲಿ ಅಂಗನವಾಡಿ ಕೆಲಸಕ್ಕೆ ದಿನಾ ಎರಡು ಮೈಲಿ ನಡೆಯುತ್ತಾಳೆ. ಸೈಕಲ್ಲನ್ನು ಹಗುರವಾಗಿ ಓಡುವಂತೆ ಮಾಡಿಸಿ ಅವಳ ಬಾಗಿಲಲ್ಲಿ ನಿಲ್ಲಿಸಬೇಕು, ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಬೇಕು ಎಂದೇ ಈ ಪ್ರಯಾಣ.

ಮಕ್ತಲ್ ಬಸ್‌ಸ್ಟ್ಯಾಂಡಿನ ಹಿಂದೆ ಖಾಜಾಸಾಬರ ಸೈಕಲ್ ಅಂಗಡಿ. ಅವರು ಚಕ್ರ ತಿರುಗಿಸಿ ನೋಡಿ ಕೇಳಿದರು:

"ಯಾರ್ರೀ ಹೊಡಿಯಾವ್ರು ಇದನ್ನ?"

"ವಯಸ್ಸಾದವ್ರು ಅದಾರ್ರಿ. ನಡು ಬಗ್ಗಬಾರ್ದು, ಗಾದಿ ಮ್ಯಾಲೆ ಕುಂತಂಗ ಇರ್ಬೇಕು."

ಅಕ್ಕನಿಗೆ ಎಂದು ಬಿಡಿಸಿ ಹೇಳಲಿಲ್ಲ. ಇಷ್ಟು ವರ್ಷ ಮುಟ್ಟಗೊಡದೆ ಈಗ ಕೊಡುತ್ತಿದ್ದೇನೆಂದು ಹೇಳಲು ನಾಚಿಕೆ.

ಸಂಜೆಯವರೆಗೆ ಕೆಲಸ ನಡೆಯಿತು. ಸವಾರನ ಕಡೆಗೆ ಬಾಗಿದ ಎತ್ತರದ ಹ್ಯಾಂಡಲ್, ಸ್ಪ್ರಿಂಗಿನ ಅಗಲ ಸೀಟು, ನುಣುಪು ಟೈರು, ಮಡ್‌ಗಾರ್ಡು, ಮುಂದೊಂದು ಬುಟ್ಟಿ. ಬಟ್ಟೆ ಸಿಗದ ಹಾಗೆ ಚೈನಿಗೆ ಕವರು ಬೇಕೆಂದು ನಾನೇ ಹಟ ಹಿಡಿದೆ. ಮಂಡಾಳು ಒಗ್ಗರಣೆ, ಮಿರ್ಚಿ ತಿಂದು ಎರಡು ಸಲ ಓಡಿಸಿ ನೋಡಿದೆ. "ಆರಾಮ್ ಐತಿಲ್ರೀ?" ಎಂದರು ಖಾಜಾಸಾಬ್. ಆರಾಮವೇ ಆಗಿತ್ತು. ರಾತ್ರಿ ಅಲ್ಲೇ ಲಾಡ್ಜಿನಲ್ಲಿ ಉಳಿದೆ.

ಮರುದಿನ ಗದ್ವಾಲಿಗೆ ಸೈಕಲ್ ಮೇಲೆಯೇ ಹೋದೆ. ಹತ್ತಿಯ ಹೊಲಗಳನ್ನು ದಾಟಿದೆ. ಜೂರಾಲ ಅಣೆಕಟ್ಟಿನ ಬಳಿ ಮೀನು ಹುರಿಯುವ ವಾಸನೆ ದಾರಿಗೆಲ್ಲ ಹಬ್ಬಿತ್ತು. ನಮ್ಮ ಮನೆಯಲ್ಲಿ ಅದು ನಡೆಯದು, ಒಂದು ಎಳನೀರು ಕುಡಿದು ಮುಂದೆ ಸಾಗಿದೆ. ನಲವತ್ತು ಕಿಲೋಮೀಟರಿನ ಹತ್ತಿರ ತುಳಿದರೂ ಬೆನ್ನು ನೋಯಲಿಲ್ಲ, ಅಕ್ಕನಿಗೆ ಹೇಳಿ ಮಾಡಿಸಿದ ಸೈಕಲ್ ಎಂದು ಒಳಗೊಳಗೇ ಬೀಗಿದೆ.

ಅಕ್ಕ ಅಂಗಳದಲ್ಲೇ ಇದ್ದಳು. "ನಿನಗ ತಂದೀನಕ್ಕ. ಆವಾಗ ಕೊಡ್ಲಿಲ್ಲ, ತಪ್ಪಾತು" ಎಂದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಸೀಟು ಒತ್ತಿ ನೋಡಿದಳು, ಗಂಟೆ ಬಾರಿಸಿದಳು. ಹ್ಯಾಂಡಲ್ ಹಿಡಿದು, ಸೀರೆಯ ನೆರಿಗೆ ತುಸು ಎತ್ತಿ ಕಾಲು ಮೇಲೆ ಮಾಡಿದಳು. ಇಳಿಸಿದಳು. ಮತ್ತೆ ಎತ್ತಿದಳು.

"ಕಾಲು ಎಲ್ಲಿಂದ ಹಾಕ್ಬೇಕೋ ತಮ್ಮಾ?"

ಸೀಟಿನಿಂದ ಹ್ಯಾಂಡಲ್‌ವರೆಗಿನ ಆ ಅಡ್ಡ ಪೈಪು ನನಗೆ ಕಂಡದ್ದು ಆಗಲೇ. ಎರಡು ದಿನ ಪ್ಯಾಂಟು ಹಾಕಿಕೊಂಡು ಅದರ ಮೇಲಿಂದ ಕಾಲು ಬೀಸಿ ಹತ್ತಿದ್ದೆ. ಅಕ್ಕನಿಗೆ ಎಂದು ಒಂದು ಮಾತು ಹೇಳಿದ್ದರೆ ಖಾಜಾಸಾಬ್ ಪಾನಾ ಮುಟ್ಟುವ ಮೊದಲೇ ಎಚ್ಚರಿಸುತ್ತಿದ್ದರು.

"ಪೈಪು ಕೊಯ್ಸಿ ಕೆಳಗ ಇಳಸ್ತೀನಕ್ಕ."

"ಬ್ಯಾಡ ಬಿಡು, ಅದ್ರ ಬೆನ್ನೆಲುಬು ಅದು. ಆವಾಗ ಕೊಟ್ಟಿದ್ರ ಲಂಗ ಎತ್ತಿ ಕಟ್ಟಿ ಜಿಗೀತಿದ್ದೆ. ಈಗ ಕಾಲೂ ಏಳಂಗಿಲ್ಲ, ಮಂದಿನೂ ನಗ್ತಾರ."

ಸಿಟ್ಟಿಲ್ಲದೆ ಹೇಳಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ರೊಟ್ಟಿ, ಪುಂಡಿಪಲ್ಯ ಬಡಿಸಿದಳು.

ಮಧ್ಯಾಹ್ನ ಬಸ್‌ಸ್ಟ್ಯಾಂಡಿನವರೆಗೆ ಬಂದಳು, ಸೈಕಲ್ಲನ್ನು ತಾನೇ ತಳ್ಳಿಕೊಂಡು. ನನಗೆ ಕೈ ಹಚ್ಚಗೊಡಲಿಲ್ಲ. ಓಣಿಯ ಹೆಂಗಸೊಬ್ಬಳು "ಏಮಕ್ಕಾ, ಸೈಕಿಲ್ ಕೊನ್ನಾವಾ?" ಎಂದು, ಸೈಕಲ್ ಕೊಂಡೆಯಾ ಎಂದು ತೆಲುಗಿನಲ್ಲಿ ಕೇಳಿದಳು. "ಮಾ ತಮ್ಮುಡು ತೆಚ್ಚಿಂಡು" ಎಂದಳು ಅಕ್ಕ. ತಮ್ಮ ತಂದನೆಂಬ ಆ ಹೆಮ್ಮೆಗೆ ನಾನು ತಲೆ ತಗ್ಗಿಸಿದೆ.

ಬಸ್ಸು ಹೊರಟಿತು. ಹಿಂದಿನ ಕಿಟಕಿಯಿಂದ ತಿರುಗಿ ನೋಡಿದೆ. ನಾನು ಹೋದೆನೆಂದು ತಿಳಿದಿರಬೇಕು, ಅಕ್ಕ ಸೈಕಲ್ಲನ್ನು ಬೇವಿನ ಕಟ್ಟೆಗೆ ಒರಗಿಸಿ, ಆಚೀಚೆ ನೋಡಿ, ಮತ್ತೊಮ್ಮೆ ಕಾಲೆತ್ತುತ್ತಿದ್ದಳು.