ಹುಲಿಗೆಮ್ಮನಿಗೆ ಕೊಟ್ಟ ಒಂದೇ ಕ್ರಿಯಾಪದ

ಕೊರೊನಾ ಮುಗಿದ ಮರುವರ್ಷ ನಾನು ಹೊಸಪೇಟೆಯ ಕಾಲೇಜೊಂದರಲ್ಲಿ ಇಂಗ್ಲಿಷ್ ಉಪನ್ಯಾಸಕಿ. ಹಂಪಿಯಲ್ಲಿ ಗೈಡ್ ಆಗಬಯಸುವವರಿಗೆ ಸಂಜೆ ಇಂಗ್ಲಿಷ್ ಕಲಿಸುವ ಕೆಲಸವನ್ನೂ ಒಪ್ಪಿಕೊಂಡಿದ್ದೆ.

ಅಲ್ಲಿ ಎಲ್ಲರದೂ ಒಂದೇ ರೂಢಿ. ಹಳೆಯ ಗೈಡುಗಳ ಭಾಷಣವನ್ನು ಪೂರ್ತಿ ಬಾಯಿಪಾಠ ಮಾಡುವುದು. ನಡುವೆ ಯಾರಾದರೂ ಪ್ರಶ್ನೆ ಕೇಳಿದರೋ, ಮುಗಿಯಿತು. ಮತ್ತೆ ‘ವೆಲ್‌ಕಮ್ ಟು ಹಂಪಿ’ಯಿಂದಲೇ ಶುರು. ಚೋರನೂರಿನ ಹುಲಿಗೆಮ್ಮ ಗೈಡ್ ಲೈಸೆನ್ಸಿನ ಹಿಂದಿನ ಪರೀಕ್ಷೆಯಲ್ಲಿ ಫೇಲಾದದ್ದೂ ಹೀಗೆಯೇ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಗುತ್ತಿಗೆ ಕೂಲಿ ಬಿಟ್ಟು ಬಂದಿದ್ದಳು. ಈ ಸಲವೂ ಆಗದಿದ್ದರೆ ವಾಪಸು ಶಿಫ್ಟಿಗೆ ಹೋಗು ಎಂದು ಮನೆಯಲ್ಲಿ ಹೇಳಿಬಿಟ್ಟಿದ್ದರು.

“ಬಾಯಿಪಾಠ ಬಿಟ್ರ ನನಗೇನೂ ಬರಂಗಿಲ್ರಿ ಮೇಡಂ,” ಎಂದಳು.

ನನಗೆ ಭಾಳ ಸಿಟ್ಟು ಬಂತು, ಅವಳ ಮೇಲಲ್ಲ, ಆ ಭಾಷಣದ ಮೇಲೆ. ಅದನ್ನು ಬರೆದುಕೊಂಡಿದ್ದ ಅವಳ ಹಾಳೆಗಳನ್ನು ಕಸಿದು ನನ್ನ ಚೀಲಕ್ಕೆ ತುರುಕಿಕೊಂಡೆ. ಬದಲಿಗೆ ಒಂದೇ ಒಂದು ಕ್ರಿಯಾಪದ ಕೊಟ್ಟೆ: ಕ್ಯಾರಿ.

ನಾವು ಕೊಡ ಹೊರುತ್ತೇವೆ, ಕೂಸನ್ನು ಎತ್ತಿಕೊಳ್ಳುತ್ತೇವೆ; ಲಾರಿ ಅದಿರು ಸಾಗಿಸುತ್ತದೆ, ಕಂಬ ಚಾವಣಿಯ ಭಾರ ತಾಳುತ್ತದೆ. ಇಂಗ್ಲಿಷಿನವರಿಗೆ ಇಷ್ಟಕ್ಕೂ ಕ್ಯಾರಿ ಸಾಕು. ಹಳೆಯ ಫ್ರೆಂಚಿನಿಂದ ಬಂದ ಪದ. ಅದರ ಬೇರು ಬಂಡಿ ಎಂಬ ಅರ್ಥದ ಲ್ಯಾಟಿನ್ ಮಾತು. ನಮ್ಮ ಕಾರೂ ಅದೇ ಬಳಗದ್ದು. ಹಂಗಾದರೆ ಇದು ಬಂಡಿ ಹೊಡೆಯೋರ ಮಾತು ಎಂದು ಹುಲಿಗೆಮ್ಮ ನಕ್ಕಳು. ಆಮೇಲೆ ದಿನಾ ಸಂಜೆ ನಮ್ಮದು ಇದೇ ಪಾಠ: ಹಂಪಿಯಲ್ಲಿ ಕಣ್ಣಿಗೆ ಬಿದ್ದದ್ದರ ಬಗ್ಗೆ ಆ ಪದ ಬಳಸಿ ಏನಾದರೊಂದು ಹೇಳಬೇಕು. ಅವಳು ಮಾತು ಮುಗಿಸುವವರೆಗೆ ನಾನು ತಿದ್ದುವಂತಿಲ್ಲ. ನನಗೆ ಅದೇ ಕಷ್ಟವಾಯಿತು.

ಪರೀಕ್ಷೆ ನಡೆದದ್ದು ಹಂಪಿಯ ಮೆಟ್ಟಿಲುಗಳ ಕೊಳದ ಪಕ್ಕ, ಕಂಬಗಳ ಮೇಲೆ ನಿಂತ ಕಲ್ಲಿನ ನೀರುಕಾಲುವೆಯ ಬಳಿ; ನಾನೂ ಹಿಂದೆ ನಿಂತಿದ್ದೆ. ಹುಲಿಗೆಮ್ಮ ಮಾತಾಡುತ್ತಿರುವಾಗಲೇ ಪರೀಕ್ಷಕರು ಕೈಯೆತ್ತಿ ತಡೆದರು. ಕೊಳಕ್ಕೆ ನೀರು ಹೇಗೆ ಬರುತ್ತಿತ್ತು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಈಗ ‘ವೆಲ್‌ಕಮ್’ ಎಂದರೆ ಎಲ್ಲ ಮುಗಿದಂತೆಯೇ ಎಂದುಕೊಂಡೆ.

ಅವಳು ಕಾಲುವೆಯತ್ತ ನೋಡಿದಳು. “ದಿಸ್ ಸ್ಟೋನ್ ಕ್ಯಾರೀಡ್ ದ ವಾಟರ್, ಸರ್. ದೀಸ್ ಪಿಲ್ಲರ್ಸ್ ಕ್ಯಾರೀಡ್ ದ ಸ್ಟೋನ್.”

ಈ ಕಂಬಗಳನ್ನು ಹೊತ್ತು ತಂದವರು ಯಾರು ಎಂದು ಅವರು ಬಿಡದೆ ಕೇಳಿದರು.

“ಪೀಪಲ್ ಲೈಕ್ ಮಿ, ಸರ್,” ಎಂದಳು. ನನ್ನಂಥ ಜನ. ಹಾಗೆಂದವಳು ತಡೆದ ಜಾಗದಿಂದಲೇ ಮಾತು ಮುಂದುವರಿಸಿದಳು.

ಪಾಸಾದ ಸುದ್ದಿ ಹೇಳಲು ಬಂದವಳು ಅದನ್ನು ಮೊದಲು ಹೇಳಲೇ ಇಲ್ಲ. “ಮೇಡಂ, ನಾ ಮತ್ತ ಮೊದಲಿಗೆ ತಿರುಗ್ಲಿಲ್ಲ ನೋಡ್ರಿ,” ಎಂದಳು. ನನಗೆ ಅಳು ಬಂತು, ಹೆಮ್ಮೆಗೆ. ಅಷ್ಟು ವರ್ಷ ಪಾಠ ಮುಗಿಸುವುದೇ ನನ್ನ ಕೆಲಸ ಎಂದುಕೊಂಡಿದ್ದೆ. ಕಲಿತವರು ತಮ್ಮದೇ ಮಾತು ಶುರು ಮಾಡಬೇಕು ಎಂಬುದನ್ನು ನನಗೆ ಕಲಿಸಿದ್ದು ಹುಲಿಗೆಮ್ಮ.

ಭಾಷಣದ ಆ ಹಾಳೆಗಳು ಇನ್ನೂ ನನ್ನ ಬಳಿಯೇ ಇವೆ. ಅವಳು ವಾಪಸು ಕೇಳಿಲ್ಲ.