ಗಿರಿಜಕ್ಕ ಬರಿಗಾಲಲ್ಲಿ ಓಡಿದ ದಿನ

ಇದು 1974ರ ಮಾತು. ಆಗ ನಾನು ಹೊಳಲ್ಕೆರೆಯಲ್ಲಿ ಆರನೇ ತರಗತಿ ಓದುತ್ತಿದ್ದೆ. ನಮ್ಮ ಬೀದಿಯ ಕೊನೆಯ ಮನೆಯ ಗಿರಿಜಕ್ಕ ಚಿತ್ರದುರ್ಗದ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದರು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ನಾನೂರು ಮೀಟರ್ ಓಟದಲ್ಲಿ ಅವರ ಕಾಲೇಜಿನಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ. ಬೆಳಿಗ್ಗೆ ಬಸ್ಸಿನ ಹೊತ್ತಿಗಿಂತ ಮುಂಚೆ ನಮ್ಮ ಶಾಲೆಯ ಮೈದಾನದಲ್ಲಿ, ಅಣ್ಣನ ಪೈಜಾಮ ತೊಟ್ಟು ಬರಿಗಾಲಲ್ಲಿ ಓಡುತ್ತಿದ್ದರು. ವಯಸ್ಸಿಗೆ ಬಂದ ಹುಡುಗಿ ಹೀಗೆ ಓಡುವುದೇ ಎಂದು ಬೀದಿಯಲ್ಲಿ ಕೆಲವರು ಮಾತಾಡಿಕೊಳ್ಳುತ್ತಿದ್ದರು. ನನಗೂ ನನ್ನ ಗೆಳತಿ ರತ್ನಳಿಗೂ ಮಾತ್ರ ಅವರೆಂದರೆ ಪ್ರಾಣ. ಅವರಂತೆಯೇ ಜಡೆ ಮಡಚಿ ಕಟ್ಟಿಕೊಂಡು, ಅವರ ಹಿಂದೆ ಅರ್ಧ ಸುತ್ತು ಓಡಿ, ಏದುಸಿರು ಬಿಡುತ್ತಾ ಕುಳಿತುಬಿಡುತ್ತಿದ್ದೆವು.

ಆ ವರ್ಷ ಚಿತ್ರದುರ್ಗದಲ್ಲಿ ಹಲವು ಕಾಲೇಜುಗಳ ಕ್ರೀಡಾಕೂಟ ನಡೆಯಿತು. ಒಂದೊಂದು ಓಟದಲ್ಲೂ ಮೊದಲು ಬಂದವರಿಗೆ ಮಾತ್ರ ವಿಶ್ವವಿದ್ಯಾಲಯದ ತಂಡದಲ್ಲಿ ಜಾಗ. ನಾವೂ ನೋಡಬೇಕೆಂದು ಹಟ ಹಿಡಿದೆವು. ಅವ್ವ ಒಪ್ಪಲಿಲ್ಲ. ಗಿರಿಜಕ್ಕನೇ ಮನೆಗೆ ಬಂದು, “ಕಳಿಸ್ರಿ ಚಿಕ್ಕಮ್ಮ. ನಾನೇ ಕರ್ಕಂಡು ಹೋಗಿ ಕರ್ಕಂಡು ಬರ್ತೀನಿ. ನನ್ನ ಕಡೆ ಚಪ್ಪಾಳೆ ಹೊಡಿಯಾಕಾದ್ರೂ ಯಾರಾನ ಬ್ಯಾಡ್ವಾ?” ಎಂದರು. ಅವ್ವ ನಕ್ಕು ಒಪ್ಪಿಕೊಂಡಳು.

ಮೈದಾನದಲ್ಲಿ ಸುಣ್ಣದ ಗೆರೆ ಎಳೆದಿದ್ದರು. ಗಿರಿಜಕ್ಕ ಬೇವಿನ ಮರದ ಕೆಳಗೆ ನಮ್ಮನ್ನು ಕೂರಿಸಿ, ತಮ್ಮ ಕೈಚೀಲವನ್ನು ನನ್ನ ಮಡಿಲಿಗಿಟ್ಟರು. “ಇದರಾಗೆ ಸ್ಪೈಕ್ ಶೂ ಐತೆ, ಜ್ವಾಪಾನ. ಕಾಲೇಜಿಂದು. ಹುಡುಗೀರಿಗೆ ಅಂತ ಇರೋದು ಇದೊಂದೇ ಜೊತೆ” ಎಂದು ಹೇಳಿ ಹೆಸರು ಬರೆಸಲು ಹೋದರು.

ಅಂಥ ಶೂವನ್ನು ನಾವು ಕಂಡೇ ಇರಲಿಲ್ಲ. ತೆಳ್ಳಗಿನ ಚರ್ಮ, ಅಡಿಯಲ್ಲಿ ಸಾಲಾಗಿ ಮೊಳೆಗಳು. ನೋಡುತ್ತಾ ನೋಡುತ್ತಾ ಹಾಕಿಕೊಳ್ಳಬೇಕೆನಿಸಿತು. ರತ್ನ, “ಬ್ಯಾಡ ಕಣೇ” ಎಂದಳು. ನಾನು ಕೇಳಲಿಲ್ಲ. ನನ್ನ ಕಾಲಿಗೆ ಅದು ದೊಡ್ಡದು. ಲಾಡಿ ಬಿಗಿದು ಕಟ್ಟಿಕೊಂಡು, ಯಾರಿಗೂ ಕಾಣದಿರಲೆಂದು ಮರಗಳ ಹಿಂದಿನ ಬಂಡೆಯ ಕಡೆ ನಡೆದೆ. ಬಂಡೆಯ ಮೇಲೆ ಮೊಳೆಗಳು ಟಕಟಕ ಸದ್ದು ಮಾಡಿದವು. ಆ ಸದ್ದಿನ ಖುಷಿಗೆ ನಾಲ್ಕು ಹೆಜ್ಜೆ ಓಡಿದೆ. ಮೊಳೆ ಜಾರಿತು, ಬಲಗಾಲಿನ ತುದಿ ಬಂಡೆಯ ಬಿರುಕಿಗೆ ಸಿಕ್ಕಿಕೊಂಡಿತು. ಕಾಲು ಎಳೆದುಕೊಂಡಾಗ ಶೂವಿನ ಅಟ್ಟೆ ಅರ್ಧದವರೆಗೆ ಕಿತ್ತು ಬಾಯಿ ಬಿಟ್ಟಿತ್ತು.

ಗಾಬರಿಯಿಂದ ಬೇವಿನ ಮರದ ಕೆಳಗೆ ವಾಪಸ್ಸು ಬಂದೆ. ಎರಡೂ ಶೂ ಬಿಚ್ಚಿ, ಒರೆಸಿ, ಮೊದಲಿದ್ದ ಹಾಗೆಯೇ ಚೀಲದೊಳಗಿಟ್ಟೆ. ರತ್ನಳಿಗೆ, “ಹೇಳಿದ್ರೆ ನಿನ್ನ ಜೊತೆ ಮಾತೇ ಬಿಡ್ತೀನಿ” ಎಂದೆ.

ನಾನೂರು ಮೀಟರ್ ಓಟಕ್ಕೆ ಕರೆದರು. ಗಿರಿಜಕ್ಕ ಓಡಿ ಬಂದು ಚೀಲ ಬಿಚ್ಚಿದರು. ಶೂ ಕೈಗೆತ್ತಿಕೊಂಡು ಕಿತ್ತ ಅಟ್ಟೆಯನ್ನು ತಿರುಗಿಸಿ ನೋಡಿದರು. ರತ್ನ ಅಳತೊಡಗಿದಳು. ನಾನು ನೆಲ ನೋಡುತ್ತಾ ಕುಳಿತಿದ್ದೆ. ಅಷ್ಟರಲ್ಲಿ ಅವರ ಕಾಲೇಜಿನ ಫಿಸಿಕಲ್ ಡೈರೆಕ್ಟರ್ ಬಂದವರು ಶೂ ನೋಡಿ ಸಿಡಿದರು.

“ಏನಮ್ಮ ಇದು? ಯಾರು ಮಾಡಿದ್ದು? ಈ ಹುಡುಗೀರಾ?”

“ಇಲ್ಲ ಸಾರ್, ಅವರಲ್ಲ. ನಿನ್ನೆ ನಾನು ಓಡಬೇಕಾದ್ರೆನೇ ಬಿಟ್ಕಂಡಿತ್ತು. ಹಳೇದಲ್ವಾ. ತಡ್ಕಳ್ತೈತೆ ಅನ್ಕಂಡಿದ್ದೆ.”

“ನಿನ್ನೆನೇ ಹೇಳಾಕೇನಾಗಿತ್ತು? ಇಷ್ಟೇನಾ ನಿನ್ನ ಜವಾಬ್ದಾರಿ?” ಎಂದು ಎಲ್ಲರೆದುರು ಬೈದರು. ಬೇರೆ ಕಾಲೇಜಿನ ಹುಡುಗಿಯರು ತಿರುಗಿ ನೋಡಿದರು. ಗಿರಿಜಕ್ಕ, “ತಪ್ಪಾತು ಸಾರ್” ಎಂದಷ್ಟೇ ಹೇಳಿ ಬರಿಗಾಲಲ್ಲೇ ಗೆರೆಯ ಹತ್ತಿರ ಹೋಗಿ ನಿಂತರು.

ಮುಕ್ಕಾಲು ಸುತ್ತಿನವರೆಗೂ ಅವರೇ ಮುಂದಿದ್ದರು. ಕೊನೆಯ ತಿರುವಿನಲ್ಲಿ ಗರಸು ಮಣ್ಣು ಸಡಿಲವಾಗಿತ್ತು. ಅಲ್ಲಿ ಅವರ ಕಾಲು ಸ್ವಲ್ಪ ಜಾರಿತು. ದಾವಣಗೆರೆಯ ಹುಡುಗಿಯೊಬ್ಬಳು ಪಕ್ಕದಿಂದ ಬಂದು ಒಂದು ಮೊಳದ ಅಂತರದಲ್ಲಿ ಗೆದ್ದಳು. ಗಿರಿಜಕ್ಕ ಎರಡನೆಯವರಾದರು. ನಮಗೆ ಚಪ್ಪಾಳೆ ಹೊಡೆಯಲೂ ಕೈ ಬರಲಿಲ್ಲ.

ಅವರು ಕುಂಟುತ್ತಾ ಬಂದು ನಮ್ಮ ಪಕ್ಕದಲ್ಲಿ ಕುಳಿತರು. ಅಂಗಾಲಿನಲ್ಲಿ ರಕ್ತ ಒಸರುತ್ತಿತ್ತು. ನೀರು ಹಾಕಿ ತೊಳೆದುಕೊಂಡು, ಬುತ್ತಿ ಬಿಚ್ಚಿ, ರೊಟ್ಟಿಗೆ ಚಟ್ನಿ ಸವರಿ ಇಬ್ಬರ ಕೈಗೂ ಕೊಟ್ಟರು. ರತ್ನ ತಿಂದಳು. ನಾನು ರೊಟ್ಟಿಯನ್ನು ಕೈಯಲ್ಲೇ ಹಿಡಿದುಕೊಂಡಿದ್ದೆ.

“ಅಕ್ಕ, ಶೂ ಹರಿದಿದ್ದು ನಾನೇ” ಎಂದೆ.

“ಗೊತ್ತಾತು ಬಿಡು. ನಿನ್ನ ಹಿಮ್ಮಡಿ ನೋಡ್ಕ, ಹೆಂಗೆ ಸುಲಿದೈತೆ” ಎಂದರು. ನೋಡಿಕೊಂಡರೆ ನಿಜವೇ, ಹಿಮ್ಮಡಿಯ ಚರ್ಮ ಎದ್ದು ಕೆಂಪಾಗಿತ್ತು. ಅಲ್ಲಿಯವರೆಗೆ ನನಗೆ ಉರಿಯೂ ಗೊತ್ತಾಗಿರಲಿಲ್ಲ. ಅವರು, “ಹಾಕ್ಕಂಡಾಗ ಹೆಂಗಿತ್ತು?” ಎಂದು ಕೇಳಿದರು.

“ನಾನೇ ಉದ್ದ ಆದಂಗೆ ಅನ್ನಿಸ್ತಕ್ಕ.”

“ನನಗೂ ಮೊದಲನೇ ದಿನ ಹಂಗೇ ಅನ್ಸಿತ್ತು” ಎಂದು ನಕ್ಕರು. “ತಿನ್ನು, ಬಸ್ಸಿಗೆ ಹೊತ್ತಾಗ್ತೈತೆ. ಹೋಗಾಣ.”

ದಾರಿಯಲ್ಲಿ ಕಿಟಕಿಯ ಪಕ್ಕದ ಜಾಗ ನಮಗೆ ಬಿಟ್ಟುಕೊಟ್ಟರು. ಅವರು ಮಾತ್ರ ಕಣ್ಣು ಮುಚ್ಚಿ ಕುಳಿತಿದ್ದರು. ನಿದ್ದೆ ಬಂದಿರಲಿಲ್ಲ ಎಂದು ನನಗೆ ಈಗ ಅನಿಸುತ್ತದೆ.

ಮಾರನೇ ದಿನ ನಾಚಿಕೆಯಿಂದ ನಾನು ಮೈದಾನಕ್ಕೆ ಹೋಗಲಿಲ್ಲ. ಅದರ ಮಾರನೇ ದಿನವೂ ಹೋಗಲಿಲ್ಲ. ಆ ಸಂಜೆ ಗಿರಿಜಕ್ಕ ನಮ್ಮ ಮನೆ ಬಾಗಿಲಿಗೆ ಬಂದರು. ಅವ್ವನಿಗೆ ಎಲ್ಲವನ್ನೂ ಹೇಳುತ್ತಾರೆಂದು ನಾನು ಅಡುಗೆಮನೆಯ ಕದದ ಹಿಂದೆ ನಿಂತುಬಿಟ್ಟೆ.

“ಚಿಕ್ಕಮ್ಮ, ಇವಳನ್ನ ನಾಳೆಯಿಂದ ತಪ್ಪದಂಗೆ ಕಳಿಸ್ರಿ. ನನ್ನ ಕಾಲು ವಾಸಿಯಾಗೈತೆ, ಓಡಬೇಕು. ಟೈಮ್ ನೋಡಾಕೆ ನಂಬಿಕಸ್ತರು ಯಾರಾನ ಬೇಕು” ಎಂದರು.

ಬೆಳಿಗ್ಗೆ ಹೋದಾಗ ತಮ್ಮ ತಂದೆಯ ಕೈಗಡಿಯಾರವನ್ನು ಬಿಚ್ಚಿ ನನ್ನ ಅಂಗೈಯಲ್ಲಿಟ್ಟು, ಸೆಕೆಂಡಿನ ಮುಳ್ಳನ್ನು ಹೇಗೆ ನೋಡಬೇಕೆಂದು ತೋರಿಸಿದರು. ನಾನು ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡು ನಿಂತಿದ್ದೆ. ಅವರು ಒಮ್ಮೆಯೂ ತಿರುಗಿ ನೋಡದೆ ಓಡಿದರು.

ಮರುವರ್ಷ ಅವರು ಮದುವೆಯಾಗಿ ಹಿರಿಯೂರಿಗೆ ಹೋದರು. ವಿಶ್ವವಿದ್ಯಾಲಯದ ತಂಡದಲ್ಲಿ ಓಡುವ ಅವಕಾಶ ಮತ್ತೆ ಬರಲಿಲ್ಲ. ಶೂ ಸರಿಯಿದ್ದಿದ್ದರೆ ಅಂದು ಗೆಲ್ಲುತ್ತಿದ್ದರೇನೋ. ಒಂದು ಮೊಳದ ಅಂತರ ಅಷ್ಟೇ. ಆ ಲೆಕ್ಕ ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ. ತಪ್ಪು ಮಾಡಿದ ಮಕ್ಕಳನ್ನು ಬೈಯದೆ ಬಿಟ್ಟ ಎಷ್ಟೋ ಜನರನ್ನು ಆಮೇಲೆ ಕಂಡಿದ್ದೇನೆ. ವಾರ ಕಳೆಯುವ ಮೊದಲೇ ಅದೇ ಕೈಗೆ ಆ ಶೂಗಿಂತ ಜೋಪಾನ ಮಾಡಬೇಕಾದ ವಸ್ತುವನ್ನು ಕೊಟ್ಟವರು ಅವರೊಬ್ಬರೇ.